ಅಜ್ಞಾತ ಆಟಗಾರರ ಅಂಗಳ

ಆಟವೊಂದರ ಹೆಸರೇ ಅದರ ಗುಣವನ್ನು ಹೇಳಿಬಿಡುವುದು ಅಪರೂಪ. ನಮ್ಮ ಹುಡುಗರು ‘ಪಬ್‌ಜಿ’ ಎಂದು ಕರೆಯುವ ಆಟದ ಪೂರ್ಣ ಹೆಸರು ‘ಪ್ಲೇಯರ್ ಅನ್‌ನೋನ್ಸ್ ಬ್ಯಾಟಲ್‌ಗ್ರೌಂಡ್ಸ್’, ಎಂದರೆ ಅಜ್ಞಾತ ಆಟಗಾರನ ರಣರಂಗ. ಇದನ್ನು ರೂಪಿಸಿದ ಐರ್ಲೆಂಡಿನ ಬ್ರೆಂಡನ್ ಗ್ರೀನ್ ಆಟದ ಲೋಕದಲ್ಲಿ ತನಗಿಟ್ಟುಕೊಂಡಿದ್ದ ಅಂಕಿತವೇ ಈ ‘ಅಜ್ಞಾತ ಆಟಗಾರ’. 2017ರಲ್ಲಿ ಕಂಪ್ಯೂಟರಿಗೂ 2018ರಲ್ಲಿ ಮೊಬೈಲಿಗೂ ಬಂದ ಈ ಆಟದಲ್ಲಿ ನೂರು ಮಂದಿ ಒಂದು ದ್ವೀಪಕ್ಕೆ ಇಳಿಯುತ್ತಾರೆ. ಕೊನೆಯವರೆಗೆ ಉಳಿದವರು ಗೆದ್ದಂತೆ. ಆ ನೂರರಲ್ಲಿ ಯಾರು ಯಾರೆಂಬುದು ಯಾರಿಗೂ ತಿಳಿಯದು. ಆಟ ಒಳ್ಳೆಯದೋ ಕೆಟ್ಟದೋ ಎಂಬ ಚರ್ಚೆ ಮನೆಮನೆಯಲ್ಲೂ ನಡೆದಿದೆ. ನಾವಿಲ್ಲಿ ಎತ್ತಿಕೊಂಡಿರುವ ಪ್ರಶ್ನೆ ಬೇರೆ: ಹೀಗೆ ಮುಖ ಮುಚ್ಚಿಕೊಂಡವರು ಸೇರುವ ಅಂಗಳದಲ್ಲಿ ಶಿಸ್ತು ಕಾಯುವವರು ಯಾರು? ಆ ಕೆಲಸ ಎಷ್ಟರಮಟ್ಟಿಗೆ ನಡೆಯುತ್ತಿದೆ?

ಗುಜರಾತಿನಲ್ಲಿ ನೆಲೆಸಿರುವ ನಮಗೆ ಇದು ದೂರದ ಮಾತಲ್ಲ. 2019ರ ಮಾರ್ಚ್ ತಿಂಗಳಲ್ಲಿ ಮೊದಲು ರಾಜಕೋಟದ ಪೊಲೀಸರು, ಅವರ ಹಿಂದೆಯೇ ಸೂರತ್, ವಡೋದರಾ, ಅಹಮದಾಬಾದ್ ನಗರಗಳವರು ಈ ಆಟವನ್ನು ನಿಷೇಧಿಸಿದರು. ಪರೀಕ್ಷೆಯ ಕಾಲ, ಮಕ್ಕಳ ಓದು, ನಡೆನುಡಿ ಕೆಡುತ್ತಿದೆಯೆಂಬ ಕಳವಳ ಸಕಾರಣವಾದದ್ದೇ. ಆದರೆ ಅದಕ್ಕೆ ಬಳಸಿದ ಆಯುಧ ದಂಡ ಪ್ರಕ್ರಿಯಾ ಸಂಹಿತೆಯ 144ನೆಯ ಕಲಮು. ರಾಜಕೋಟದಲ್ಲಿ ಹತ್ತು ಮಂದಿ ತರುಣರ ದಸ್ತಗಿರಿಯೂ ಆಯಿತು. ಏಪ್ರಿಲ್ ಮುಗಿಯುವುದರೊಳಗೆ ಅಹಮದಾಬಾದಿನಲ್ಲಿ ಆಜ್ಞೆಯನ್ನು ಹಿಂತೆಗೆದುಕೊಂಡದ್ದೂ ಆಯಿತು. ಇಷ್ಟೆಲ್ಲ ಆದರೂ ಆಟದ ಒಳಗೆ ನಡೆಯುತ್ತಿದ್ದ ಬೈಗುಳ, ಮೋಸ, ಎಳೆಯರೊಡನೆ ಅಪರಿಚಿತರ ಸಲಿಗೆ, ಇವು ಯಾವುವಕ್ಕೂ ಈ ಆಜ್ಞೆಯ ಗಾಳಿ ಸೋಕಲಿಲ್ಲ.

ಇದೇ ನಾಡಿನಲ್ಲಿ ಉತ್ತರಾಯಣದ ದಿನ ನಡೆಯುವುದನ್ನು ನೋಡಿ. ಮಾಳಿಗೆಯಿಂದ ಮಾಳಿಗೆಗೆ ಪಟಗಳ ಕಾಳಗ. ನಮ್ಮ ದಾರ ಕತ್ತರಿಸಿದವನು ಯಾವ ಸೊಸೈಟಿಯವನೋ ತಿಳಿಯದು. ‘ಕಾಯ್ಪೋ ಛೇ’ ಎಂಬ ಕೂಗು ಮಾತ್ರ ಕೇಳುತ್ತದೆ. ದ್ವಿಚಕ್ರದವರ ಕೊರಳು ಕೊಯ್ಯುವ ನೈಲಾನ್ ಮಾಂಜಾ ಬಂದಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ಆ ದಾರವನ್ನು ನಿಷೇಧಿಸಿತು. ಗಾಳಿಪಟವನ್ನು ಯಾರೂ ನಿಷೇಧಿಸಲಿಲ್ಲ. ಆಟದಲ್ಲಿ ಕೇಡಿನ ಎಳೆ ಯಾವುದೆಂದು ಹುಡುಕಿ ಅದನ್ನಷ್ಟೇ ಕೀಳುವುದು ವಿವೇಕ. 2019ರ ಆಜ್ಞೆಗಳಲ್ಲಿ ನಮಗೆ ಕಾಣದೆ ಹೋದದ್ದು ಈ ವಿವೇಕವೇ.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರ ಪಬ್‌ಜಿ ಮೊಬೈಲೂ ಸೇರಿದಂತೆ 118 ಆ್ಯಪ್‌ಗಳನ್ನು ತಡೆಯಿತು. ಅದರ ಕಾರಣ ದೇಶದ ಭದ್ರತೆ. ಮಕ್ಕಳ ಹಿತ ಅಲ್ಲಿ ಪ್ರಸ್ತಾಪದ ವಿಷಯವಾಗಿರಲಿಲ್ಲ. 2021ರ ಜುಲೈನಲ್ಲಿ ಕೊರಿಯಾದ ಕ್ರಾಫ್ಟನ್ ಕಂಪನಿ ಅದೇ ಆಟವನ್ನು ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂದು ಕರೆದು ತಂದಿತು. 2022ರ ಜುಲೈನಲ್ಲಿ ಅದೂ ನಿಂತು, 2023ರ ಮೇ ತಿಂಗಳಲ್ಲಿ ಮರಳಿತು. ಈ ಭಾರತೀಯ ಅವತಾರದಲ್ಲಿ ನೆತ್ತರಿಗೆ ಹಸಿರು ಬಣ್ಣ ಬಂತು. ‘ಕೊಂದ’ ಎನ್ನುವಲ್ಲಿ ‘ಮುಗಿಸಿದ’ ಎಂದಾಯಿತು. ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ, ಖರ್ಚಿಗೂ ಒಂದು ಮಿತಿ, ತಂದೆತಾಯಿಯರ ಮೊಬೈಲ್ ಸಂಖ್ಯೆ ಕೊಡಬೇಕೆಂಬ ನಿಯಮ ಬಂದವು. ಸದುದ್ದೇಶದ ನಿಯಮಗಳಿವು, ಮೆಚ್ಚಬೇಕಾದವೇ. ಆದರೆ ಇವೆಲ್ಲ ನಿಂತಿರುವುದು ಹುಡುಗ ತನ್ನ ವಯಸ್ಸನ್ನು ನಿಜವಾಗಿ ಹೇಳುತ್ತಾನೆಂಬ ನಂಬಿಕೆಯ ಮೇಲೆ. ಹದಿನೆಂಟು ದಾಟಿದೆ ಎನ್ನಲು ಬೆರಳ ತುದಿ ಸಾಕು. ಅಪ್ಪನ ಸಂಖ್ಯೆಯೆಂದು ಅಣ್ಣನ ಸಂಖ್ಯೆ ಕೊಟ್ಟರೆ, ಅಣ್ಣನೇ ಅಪ್ಪನಾಗುತ್ತಾನೆ.

ಹಾಗಾದರೆ ಎಲ್ಲರೂ ನಿಜನಾಮದಿಂದಲೇ ಆಡಲಿ ಎನ್ನೋಣವೇ? ಹಲವರು ಹಾಗೆನ್ನುತ್ತಾರೆ, ನಾವು ಒಪ್ಪಲಾರೆವು. ಹೆಣ್ಣುಮಗಳೊಬ್ಬಳು ತನ್ನ ಹೆಸರು, ಊರು ತೋರಿಸಿ ನೂರು ಮಂದಿ ಅಪರಿಚಿತರ ನಡುವೆ ಇಳಿದರೆ ಅವಳಿಗೆ ಎದುರಾಗುವುದು ಬರೀ ಆಟವಲ್ಲ ಎಂಬುದು ಹೆತ್ತವರಿಗೆಲ್ಲ ಗೊತ್ತು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಗುಜರಾತಿ, ಶಾಲೆಯಲ್ಲಿ ಇಂಗ್ಲಿಷ್ ಆಡುವ ನಮ್ಮ ಮಕ್ಕಳಿಗೆ, ಎಲ್ಲಿಯವನು ನೀನು ಎಂಬ ಪ್ರಶ್ನೆಯಿಂದ ಬಿಡುಗಡೆ ಕೊಡುವ ಸ್ಥಳವೂ ಇದೊಂದೇ ಇರಬಹುದು. ಅಪ್ಪನಿಗೆ ವರ್ಗವಾಗಿ ಹುಬ್ಬಳ್ಳಿಯಿಂದ ವಡೋದರಾಕ್ಕೆ ಬಂದ ಹುಡುಗನಿಗೆ ಹಳೆಯ ಶಾಲೆ ತಪ್ಪುತ್ತದೆ, ಓಣಿ ತಪ್ಪುತ್ತದೆ. ಆಟದ ನಾಲ್ವರ ತಂಡ ಮಾತ್ರ ತಪ್ಪುವುದಿಲ್ಲ. ಇದನ್ನು ಕ್ಷುಲ್ಲಕವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಮುಖವಾಡ ನಮಗೆ ಹೊಸತೂ ಅಲ್ಲ. ಕರಾವಳಿ, ಮಲೆನಾಡಿನ ತಾಳಮದ್ದಲೆಯಲ್ಲಿ ಅರ್ಥಧಾರಿ ವೇಷವಿಲ್ಲದೆಯೇ ವಾಲಿಯಾಗುತ್ತಾನೆ, ರಾಮನಾಗುತ್ತಾನೆ. ಆ ಹೆಸರಿನಲ್ಲಿ ಎದುರಿನವನನ್ನು ಮಾತಿನಿಂದ ತಿವಿಯುತ್ತಾನೆ. ಮಾತು ಹದ್ದು ಮೀರಿದರೆ ಭಾಗವತರು ಮುಂದಿನ ಪದ ಎತ್ತಿಬಿಡುತ್ತಾರೆ. ವಾದ ಅಲ್ಲಿಗೆ ನಿಲ್ಲುತ್ತದೆ. ಭಾಗವತರಿಗೆ ಆ ವಾಲಿ ಯಾರೆಂದು ಗೊತ್ತು, ಆಡುತ್ತಿರುವ ಭಾಷೆ ಗೊತ್ತು, ಮತ್ತು ಅವರು ಅಲ್ಲಿಯೇ ಕುಳಿತಿರುತ್ತಾರೆ. ಎದುರಾಳಿಗೆ ನಿಜನಾಮ ತಿಳಿಯಬೇಕಾಗಿಲ್ಲ, ಆಟ ನಡೆಸುವವನಿಗೆ ತಿಳಿದಿದ್ದರೆ ಸಾಕು. ನಮ್ಮ ಮಟ್ಟಿಗೆ ಇದೇ ಒರೆಗಲ್ಲು.

ಈ ಒರೆಗೆ ಹಚ್ಚಿದರೆ ಆಟದ ಆಡಳಿತ ಎಲ್ಲಿ ಸೋಲುತ್ತದೆಂಬುದು ಸ್ಪಷ್ಟವಾಗುತ್ತದೆ. ಪ್ರತಿ ಆಟಗಾರನಿಗೂ ಬದಲಾಗದ ಒಂದು ಸಂಖ್ಯೆಯಿದೆ. ಹೆಸರನ್ನು ಬೇಕಾದಾಗ ಬದಲಿಸಲು ಚೀಟಿಯಿದೆ. ತನ್ನ ತಂಡದವರಿಗೇ ಕೆಡುಕು ಮಾಡಿದರೆ ಇಳಿಯುವ ‘ಮೆರಿಟ್’ ಎಂಬ ಅಂಕವಿದೆ. ದೂರು ಕೊಡಲು ಗುಂಡಿಯಿದೆ. ವ್ಯವಸ್ಥೆಯ ಚೌಕಟ್ಟು ಸರಿಯೇ. ಆದರೆ ಶಿಕ್ಷೆಯ ಪರಿ ನೋಡಿ. 2021ರ ಅಕ್ಟೋಬರ್-ನವೆಂಬರ್‌ನ ಸುಮಾರು ಆರು ವಾರಗಳಲ್ಲಿ 25 ಲಕ್ಷಕ್ಕೂ ಹೆಚ್ಚು ಖಾತೆಗಳನ್ನು ಮೋಸಕ್ಕಾಗಿ ಶಾಶ್ವತವಾಗಿ ಮುಚ್ಚಿದೆವೆಂದು ಕಂಪನಿ ಪ್ರಕಟಿಸಿತು. ಮುಚ್ಚಿದಷ್ಟೂ ಹೊಸ ಖಾತೆಗಳು ಹುಟ್ಟುತ್ತವೆಂದು ಕಂಡು, ಅದೇ ಡಿಸೆಂಬರಿನಲ್ಲಿ ಫೋನನ್ನೇ ಬಹಿಷ್ಕರಿಸುವ ಕ್ರಮ ತಂದಿತು. ಮೋಸಗಾರನಿಗೆ ಇದು ಬಿಗಿಯಾದ ಪೆಟ್ಟು, ನಿಜ. ಆದರೆ ಒಂದೇ ಫೋನನ್ನು ಅಣ್ಣತಮ್ಮಂದಿರು ಹಂಚಿಕೊಳ್ಳುವ ಮನೆಯಲ್ಲಿ, ಹಳೆಯ ಫೋನು ಕೊಳ್ಳುವ ಮನೆಯಲ್ಲಿ, ದಂಡ ತೆರುವವನು ತಪ್ಪು ಮಾಡಿದವನೇ ಆಗಿರಬೇಕಿಲ್ಲ. ಆಳನ್ನು ಅರಿಯದ ಆಡಳಿತ ಕೊನೆಗೆ ವಸ್ತುವನ್ನು ಶಿಕ್ಷಿಸುತ್ತದೆ.

ಭಾಷೆಯ ಮಾತೂ ಹೀಗೆಯೇ. ಅಕ್ಷರದಲ್ಲಿ ಬರೆದ ಬೈಗುಳವನ್ನು ಯಂತ್ರ ಸೋಸೀತು; ಮೈಕಿನಲ್ಲಿ ಆಡಿದ್ದನ್ನು, ಅದೂ ಸೂರತಿನ ಗುಜರಾತಿಯಲ್ಲೋ ಧಾರವಾಡದ ಕನ್ನಡದಲ್ಲೋ ಆಡಿದ್ದನ್ನು, ಆ ಭಾಷೆ ಬಲ್ಲ ಮನುಷ್ಯನೇ ಕೇಳಿ ತೂಗಬೇಕು. ಕೋಟಿಗಟ್ಟಲೆ ಭಾರತೀಯರಿಂದ ಲಾಭ ಪಡೆಯುವ ಉದ್ಯಮ, ಅವರ ಭಾಷೆ ಬಲ್ಲ ಭಾಗವತರನ್ನು ನೇಮಿಸಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಕಾನೂನು ಈಚೆಗೆ ಸರಿದಾರಿಯತ್ತ ಹೊರಳಿದೆ. 2025ರ ಆಗಸ್ಟಿನ ಕೇಂದ್ರ ಶಾಸನ ಹಣ ಒಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿತು. ದಾರವನ್ನೂ ಪಟವನ್ನೂ ಬೇರ್ಪಡಿಸಿತು. ಮಕ್ಕಳ ವಿವರ ಪಡೆಯುವ ಮುನ್ನ ಹೆತ್ತವರ ಸಮ್ಮತಿಯನ್ನು ಪರಿಶೀಲಿಸಿಯೇ ಪಡೆಯಬೇಕೆಂದು 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಹೇಳುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಈ ಭಾಗದ ಜಾರಿಗೆ ಹದಿನೆಂಟು ತಿಂಗಳ ಅವಧಿ ಗೊತ್ತಾಯಿತು. ಸಮ್ಮತಿಯ ನೆಪದಲ್ಲಿ ಇಡೀ ಮನೆಯ ಗುರುತಿನ ಚೀಟಿಗಳು ಕಂಪನಿಗಳ ಕಪಾಟು ಸೇರದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

ಉಳಿದದ್ದು ಮನೆಯವರ ಪಾಲಿನದು. ಮಗ ಎಷ್ಟು ಹೊತ್ತು ಆಡಿದನೆಂದು ಗಡಿಯಾರ ನೋಡುವ ನಾವು, ಯಾವ ಹೆಸರಿನಲ್ಲಿ ಆಡಿದ, ಯಾರೊಡನೆ ಆಡಿದ, ಅವನಿಗೆ ಯಾರು ಏನೆಂದರು, ಅವನು ಏನೆಂದ ಎಂದು ಕೇಳುವುದು ಕಡಿಮೆ. ಇವನ್ನು ಗದರದೆ ಕೇಳಬೇಕು. ದೂರಿನ ಗುಂಡಿ ಎಲ್ಲಿದೆಯೆಂದು ಅವನಿಂದಲೇ ಕಲಿಯಬೇಕು. ಹೊರಗಿನ ಭಾಗವತರು ಬರುವವರೆಗೆ, ಆ ಅಜ್ಞಾತ ಆಟಗಾರನ ನಿಜವಾದ ಹೆಸರು ಬಲ್ಲವರು ಅವನ ಮನೆಯವರೇ ತಾನೆ?