ಒಡೆಯದ ಹೂದಾನಿಗಳು

ಬರ್ಟ್ ಹಾನ್ಸ್‌ಟ್ರಾ ಅವರ ‘ಗ್ಲಾಸ್’ ನೆದರ್‌ಲ್ಯಾಂಡ್ಸಿನ ಲೀರ್ಡಾಮ್ ಗಾಜಿನ ಕಾರ್ಖಾನೆಯಲ್ಲಿ ತೆಗೆದ ಹತ್ತು-ಹನ್ನೊಂದು ನಿಮಿಷದ ಸಾಕ್ಷ್ಯಚಿತ್ರ. 1958ರದು, 1960ರಲ್ಲಿ ಆಸ್ಕರ್ ಕೂಡ ಪಡೆಯಿತು. ಎಷ್ಟೋ ವರ್ಷಗಳಿಂದ ಇದನ್ನು ತರಗತಿಯಲ್ಲಿ ತೋರಿಸುತ್ತಿದ್ದೇನೆ.

ಚಿತ್ರದಲ್ಲಿ ವಿವರಣೆಯ ದನಿ ಇಲ್ಲ. ಪಿಮ್ ಯಾಕೋಬ್ಸ್ ತಂಡದ ಜಾಝ್ ಇದೆ, ಉಬ್ಬಿದ ಕೆನ್ನೆಗಳಿವೆ. ಕುಲುಮೆಯೊಳಗಿನ ಗಾಜನ್ನು ಕಬ್ಬಿಣದ ಕೊಳವೆಯ ತುದಿಗೆ ಜೇನಿನಂತೆ ಸುತ್ತಿಕೊಂಡು ಊದುತ್ತಾರೆ, ತಿರುಗಿಸುತ್ತಾರೆ. ನಿಜಕ್ಕೂ ಊದುವುದಕ್ಕಿಂತ ತಿರುಗಿಸುವ ಕೆಲಸವೇ ದೊಡ್ಡದು. ಕೈ ಒಂದು ಗಳಿಗೆ ನಿಂತರೆ ಮೆತ್ತನೆಯ ಗಾಜು ತನ್ನ ಭಾರಕ್ಕೇ ಒಂದು ಕಡೆ ಜೋತುಬೀಳುತ್ತದೆ. ನಮ್ಮ ಒಲೆಯ ಊದುಗೊಳವೆಯಲ್ಲಿ ಉಸಿರು ಬೆಂಕಿಗೆ ಹೋಗಿ ಮುಗಿಯುತ್ತದೆ. ಇಲ್ಲಿ ಅದು ಹೂದಾನಿಯ ಹೊಟ್ಟೆಯಾಗಿ ಉಳಿಯುತ್ತದೆ.

ಬಳಿಕ ಬಾಟಲಿ ಮಾಡುವ ಯಂತ್ರ ಬರುತ್ತದೆ. ಕತ್ತು ಮುರಿದ ಒಂದು ಬಾಟಲಿ ಸಾಲು ಕೆಡಿಸುತ್ತದೆ. ಯಂತ್ರಕ್ಕೆ ಅದು ತಿಳಿಯದು. ಹಿಂದಿನಿಂದ ಬಂದವೆಲ್ಲ ಒಂದಕ್ಕೊಂದು ಬಡಿದು ಚೂರಾಗುತ್ತವೆ. ಕೊನೆಗೆ ಮನುಷ್ಯನೇ ಬಂದು ಸರಿಮಾಡಬೇಕು. ಇಲ್ಲಿ ತರಗತಿ ಪ್ರತಿಸಲ ನಗುತ್ತದೆ. ನಾನೂ ನಕ್ಕಿದ್ದೇನೆ.

ಈ ಸಲ ನಗು ನಿಂತ ಮೇಲೆ ಒಬ್ಬಳು ಕೇಳಿದಳು: “ಊದೋರ ಕೈಯಲ್ಲಿ ಏನೂ ಒಡೆಯೋದೇ ಇಲ್ವಾ ಸರ್?”

ಒಡೆಯುತ್ತದೆ. ಕೊಳವೆಯಿಂದ ಬಿಡಿಸುವಾಗ ಏಟು ತಪ್ಪಬಹುದು. ಆಕಾರ ಕೂತ ಮೇಲೂ ಹೂದಾನಿಯನ್ನು ಬೇರೊಂದು ಒಲೆಯಲ್ಲಿಟ್ಟು ನಿಧಾನವಾಗಿ ಆರಿಸಬೇಕು; ಹೊರಮೈ ಬೇಗ ತಣಿದು ಒಳಗು ಬಿಸಿಯಾಗಿಯೇ ಉಳಿದರೆ ಆ ಸೆಳೆತಕ್ಕೆ ಬಿರುಕು ಬಿಡುತ್ತದೆ. ಮಾಡಿದ ಕೆಲಸವೆಲ್ಲ ಚೂರಾಗಿ ಮತ್ತೆ ಕುಲುಮೆಗೆ. ಯಂತ್ರದ ತಪ್ಪನ್ನು ಅಷ್ಟು ಖುಷಿಯಿಂದ ತೋರಿಸುವ ಹಾನ್ಸ್‌ಟ್ರಾ ಕೈಯ ತಪ್ಪನ್ನು ಚೌಕಟ್ಟಿನ ಹೊರಗಿಟ್ಟಿದ್ದಾರೆ. ಹಾಗಾಗಿ ಯಂತ್ರಕ್ಕೆ ಒಂದು ಕಥೆ ಸಿಕ್ಕಿತು, ಊದುವವರಿಗೆ ಬರೀ ಸೊಬಗು. ಇದು ಸುಲಭದ ಮೆಚ್ಚುಗೆ. ಅವರ ಮೇಲೆ ಮಾತ್ರ ಹೊರಿಸಲಾರೆ: ಮಗ್ಗದ ಬಗ್ಗೆ ನಾನು ಹಿಂದೆ ಬರೆದ ಲೇಖನವನ್ನು ಆ ರಾತ್ರಿ ತೆಗೆದು ಓದಿದೆ. ಅದರಲ್ಲಿ ಒಂದು ಎಳೆಯೂ ತುಂಡಾಗಿರಲಿಲ್ಲ.

ಆದರೂ ಚಿತ್ರವನ್ನು ಪಾಠದಿಂದ ತೆಗೆಯುವ ಮನಸ್ಸಿಲ್ಲ. ಕೆನ್ನೆಗಳನ್ನು ಬಿಟ್ಟು ಕಣ್ಣುಗಳನ್ನು ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಸಂಗೀತ ಎಷ್ಟೇ ಕುಣಿಯಲಿ, ಅವರ ನೋಟ ಕೊಳವೆಯ ತುದಿಯಿಂದ ಕದಲುವುದಿಲ್ಲ. ಒಡೆದೀತೆಂಬ ಅಂಜಿಕೆ ಅಲ್ಲಿ ಉಳಿದುಕೊಂಡಿದೆ. ಮುಂದಿನ ತರಗತಿಯಲ್ಲಿ ಸಂಗೀತ ನಿಲ್ಲಿಸಿ ಆ ಭಾಗವನ್ನಷ್ಟೇ ಅವಳಿಗೆ ತೋರಿಸಬೇಕೆಂದಿದ್ದೇನೆ.