ಬಿಸಿಲು ಕುಡಿದ ಇಳಿತ

ಫೆಬ್ರುವರಿ ಕೊನೆಯಾಗುತ್ತಿದ್ದಂತೆ ಮುಂಬಯಿಯ ಗಾಳದವರ ಬಾಯಲ್ಲಿ ಜಿತಾಡದ ಮಾತು ಶುರು. ಬಂಗಾಳದವರ ಭೆಟ್ಕಿ, ಆಸ್ಟ್ರೇಲಿಯದವರ ಬಾರಾಮುಂಡಿ ಇದೇ ಮೀನು. ಚಳಿಗೆ ಮಂಕಾಗಿ ಬಿದ್ದಿರುವ ಇದಕ್ಕೆ ನೀರು ಕಾವೇರಿದ ಮೇಲೇ ಹಸಿವು. ಹಾಗಾಗಿ ಹಂಗಾಮಿನ ಮೊದಲ ವಾರಗಳಲ್ಲಿ ಬೆಚ್ಚಗಿನ ನೀರು ಎಲ್ಲಿದೆ, ಯಾವ ಹೊತ್ತಿಗೆ ಎಂದು ತಿಳಿದವನೇ ಜಾಣ.

ಮುಂಬಯಿಯ ಕುರ್ಲಾದ ಪಕ್ಕದಲ್ಲೇ ಮಿಠಿ ನದಿ ಇದೆ. ಆದರೆ ವಿಹಾರ್, ಪವಾಯಿ ಕೆರೆಗಳಿಂದ ಹೊರಟ ಆ ನದಿ ಮಾಹಿಮ್ ಸೇರುವಷ್ಟರಲ್ಲಿ ಚರಂಡಿಯಾಗಿರುತ್ತದೆ. ನೆನೆದರೆ ಹೊಟ್ಟೆ ಉರಿಯುತ್ತದೆ. ಅದನ್ನು ಬಿಟ್ಟು ಹಾರ್ಬರ್ ಲೈನಿನ ರೈಲು ಹತ್ತಿ ವಾಶಿ ಕಡೆಯ ಠಾಣೆ ಖಾಡಿಗೆ ಹೋಗಿ. ವಾಶಿ ಸೇತುವೆಯ ಉತ್ತರಕ್ಕೆ ಫ್ಲೆಮಿಂಗೊ ಅಭಯಾರಣ್ಯ, ಅತ್ತ ಗಾಳ ಬೇಡ.

ದಿನ ಆರಿಸುವುದರಲ್ಲೇ ಅರ್ಧ ಕೆಲಸ. ಹುಣ್ಣಿಮೆ, ಅಮಾವಾಸ್ಯೆಗಳಂದು ಇಲ್ಲಿ ತುಂಬು ಉಬ್ಬರ ನಡುಮಧ್ಯಾಹ್ನದ ಆಸುಪಾಸು; ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ನನಗೆ ಬಿದಿಗೆ, ತದಿಗೆಗಳೇ ಇಷ್ಟ. ಬೆಳಗ್ಗೆ ನೀರು ಪೂರ್ತಿ ಇಳಿದು ಕೆಸರು ಬಯಲಾಗುತ್ತದೆ, ಬಿಸಿಲಿಗೆ ಕಾಯುತ್ತದೆ. ಏರುವ ನೀರು ಅದರ ಮೇಲೆ ತೆಳ್ಳಗೆ ಹರಡಿ ಬೆಚ್ಚಗಾಗುತ್ತದೆ. ಮೂರು ಗಂಟೆಯ ಮೇಲೆ ಅದೇ ನೀರು ಕಾಂಡ್ಲಾ ಬೇರುಗಳ ನಡುವಿನ ಕಿರುಗಾಲುವೆಗಳಿಂದ, ಸಿಗಡಿಯನ್ನೂ ಮರಿಮೀನನ್ನೂ ಎಳೆದುಕೊಂಡು, ಹೊರಬೀಳುತ್ತದೆ. ಜಿತಾಡ ಆ ಕಾಲುವೆಯ ಬಾಯಲ್ಲಿ ಹೊಂಚಿರುತ್ತದೆ.

ಅಮೆರಿಕದ ಹಡ್ಸನ್ ನದಿಯಲ್ಲಿ ಏಪ್ರಿಲ್‌ನ ಕೊರೆಯುವ ನೀರಿನಲ್ಲಿ ಸ್ಟ್ರೈಪ್ಡ್ ಬಾಸ್ ಹಿಡಿಯುವವರ ಲೆಕ್ಕಾಚಾರವೂ ಇದೇ: ಆಳವಿಲ್ಲದ ಕಡೆ ಬಿಸಿಲು ಕುಡಿದು ಬರುವ ಇಳಿತಕ್ಕೆ ಕಾಯುವುದು. ಆ ಮೀನು ಮೊಟ್ಟೆಯಿಡಲು ಕಡಲಿನಿಂದ ನದಿ ಏರುತ್ತದೆ, ನಮ್ಮದು ಅದೇ ಕೆಲಸಕ್ಕೆ ಅಳಿವೆಗೆ ಇಳಿಯುತ್ತದೆ.

ಜೀವಂತ ಸಿಗಡಿಗಿಂತ ಒಳ್ಳೆಯ ಎರೆ ನಾನು ಕಂಡಿಲ್ಲ. ಜಿತಾಡದ ಕಿವಿರಿನ ಮುಚ್ಚಳ ಬ್ಲೇಡಿನಷ್ಟು ಹರಿತ, ಆದ್ದರಿಂದ ತುದಿಗೆ ದಪ್ಪ ನೈಲಾನ್ ಕಟ್ಟಿ. ಗಾಳ ಸರ್ಕಲ್ ಹುಕ್ಕೇ ಇರಲಿ. ಅದು ಗಂಟಲಿಗೆ ಇಳಿಯದೆ ಬಾಯಿಯ ಮೂಲೆಗೆ ಸಿಕ್ಕುತ್ತದೆ. ಸ್ಟ್ರೈಪ್ಡ್ ಬಾಸ್‌ಗೆ ಎರೆ ಕಟ್ಟುವವರಿಗೆ ಅಮೆರಿಕದ ಅಟ್ಲಾಂಟಿಕ್ ತೀರದ ರಾಜ್ಯಗಳು 2021ರಿಂದ ಇದನ್ನು ಕಡ್ಡಾಯ ಮಾಡಿವೆ.

ಬಿಡಿಸಲು ಸುಲಭವಾಗುವುದು ಇಲ್ಲಿ ಬಹಳ ಮುಖ್ಯ. ಜಿತಾಡ ಮೊದಲು ಗಂಡಾಗಿ ಬೆಳೆದು, ವರ್ಷಗಳು ಕಳೆದ ಮೇಲೆ ಹೆಣ್ಣಾಗುತ್ತದೆ. ಕೈತುಂಬ ಬರುವ ದೊಡ್ಡ ಮೀನೆಂದರೆ ಹೆಚ್ಚಾಗಿ ಮುಂದಿನ ಮಳೆಗಾಲಕ್ಕೆ ಮೊಟ್ಟೆಯಿಡಬೇಕಾದ ತಾಯಿ. ಫೋಟೊಗೆಂದು ದವಡೆ ಹಿಡಿದು ನೇತಾಡಿಸಬೇಡಿ. ನೀರಿನಲ್ಲೇ ಹೊಟ್ಟೆಗೆ ಕೈಯಾಸರೆ ಕೊಟ್ಟು, ಹರಿವಿಗೆ ಮುಖಮಾಡಿಸಿ, ಬಾಲ ತಾನಾಗಿ ಬೀಸುವವರೆಗೆ ಹಿಡಿದುಕೊಂಡು ಬಿಡಿ.