ಕತ್ತರಿಸದೆ ಬಿಟ್ಟದ್ದನ್ನು ನೋಡಿ

ಡಿಎನ್‌ಎ ಕತ್ತರಿಸುವ ಕಿಣ್ವಗಳ ಸೊಗಸನ್ನು ವಿಮಾನಪುರದವರಿಗೆ ಹೇಳಿಕೊಡುವುದು ಸುಲಭ. ಎಚ್‌ಎಎಲ್‌ನಲ್ಲಿ ದುಡಿದವರ ಮನೆಗಳಲ್ಲಿ ಟಾಲರೆನ್ಸ್ ಅಂದರೇನೆಂದು ಮಕ್ಕಳಿಗೂ ಗೊತ್ತು: ಅಳತೆ ಕೂದಲೆಳೆಯಷ್ಟು ತಪ್ಪಿದರೂ ಬಿಡಿಭಾಗ ರಿಜೆಕ್ಟ್. ಅದೇ ಕಣ್ಣಿನಿಂದ ಇಕೋ ಆರ್ ಒನ್ ಎಂಬ ಕಿಣ್ವವನ್ನು ನೋಡಿ. ಲಕ್ಷಾಂತರ ಅಕ್ಷರಗಳ ನಡುವೆ ಅದು ಹುಡುಕುವುದು ಜಿಎಎಟಿಟಿಸಿ ಎಂಬ ಆರೇ ಅಕ್ಷರಗಳನ್ನು. ಎದುರಿನ ಎಳೆಯನ್ನು ಅದರ ದಿಕ್ಕಿನಲ್ಲಿ ಓದಿದರೂ ಅದೇ ಆರು. ಎರಡೂ ಎಳೆಗಳಲ್ಲಿ ಜಿ ಮುಗಿದ ಕೂಡಲೇ ತುಂಡರಿಸುತ್ತದೆ; ಎಎಟಿಟಿ ಎಂಬ ಒಂಟಿ ಎಳೆಯ ಚುಂಗು ಎರಡೂ ತುದಿಯಲ್ಲಿ ಉಳಿಯುತ್ತದೆ. ಇದೇ ಕಿಣ್ವ ಕತ್ತರಿಸಿದ ಬೇರೆ ಯಾವುದೇ ಡಿಎನ್‌ಎಯ ಚುಂಗು ಅದಕ್ಕೆ ಹೊಂದುತ್ತದೆ, ಲೈಗೇಸ್ ಎಂಬ ಕಿಣ್ವ ಬೆಸೆಯುತ್ತದೆ.

ಬ್ಯಾಕ್ಟೀರಿಯಾ ಇದನ್ನು ಇಟ್ಟುಕೊಂಡಿರುವುದು ಒಳನುಗ್ಗುವ ವೈರಸ್‌ಗಾಗಿ. ತನ್ನದೇ ಡಿಎನ್‌ಎಯಲ್ಲಿ ಆ ಆರಕ್ಷರ ಬಂದಲ್ಲೆಲ್ಲ ಜೊತೆಗಾರ ಕಿಣ್ವವೊಂದು ‘ಎ’ ಒಂದಕ್ಕೆ ಮೀಥೈಲ್ ಗುಂಪು ಅಂಟಿಸಿರುತ್ತದೆ. ಅಷ್ಟು ಗುರುತಿದ್ದರೆ ಕತ್ತರಿ ಮುಟ್ಟುವುದಿಲ್ಲ. ನನ್ನ ಮಟ್ಟಿಗೆ ಈ ಸಂಯಮವೇ ಕಿಣ್ವದ ದೊಡ್ಡಸ್ತಿಕೆ. ಕತ್ತರಿಸುವುದೇನು, ಒರಟು ಕಿಣ್ವಗಳೂ ಕತ್ತರಿಸುತ್ತವೆ.

ಕಣ್ಣು ಪಳಗಿಸಲು ಲ್ಯಾಂಬ್ಡಾ ವೈರಸ್‌ನ ಡಿಎನ್‌ಎ ತೆಗೆದುಕೊಳ್ಳಿ. ಉದ್ದ 48,502 ಅಕ್ಷರಜೋಡಿ. ಇಕೋ ಆರ್ ಒನ್ ಹಾಕಿ, 37 ಡಿಗ್ರಿಯಲ್ಲಿಟ್ಟು ಜೆಲ್ ಓಡಿಸಿದರೆ ಆರು ಬ್ಯಾಂಡ್ ಬರಬೇಕು. ಐದೇ ಕಂಡರೆ ಕಿಣ್ವವನ್ನು ದೂರಬೇಡಿ: 5,804 ಮತ್ತು 5,643 ಜೋಡಿಯ ತುಂಡುಗಳು ಮೈಗೆ ಮೈ ತಾಗಿಸಿಕೊಂಡೇ ಓಡುತ್ತವೆ. ಇನ್ನಷ್ಟು ಹೊತ್ತು ಓಡಲಿ, ಬಿಡಿಸಿಕೊಳ್ಳುತ್ತವೆ. ಬದಲಿಗೆ ಏಳೆಂಟು ಬ್ಯಾಂಡ್ ಕಂಡರೆ ಅನುಮಾನಪಡಿ. ಗ್ಲಿಸರಾಲ್ ಹೆಚ್ಚಾದರೆ ಅಥವಾ ಬಫರ್ ಕೆಟ್ಟರೆ ಕಿಣ್ವ ಹತ್ತಿರಹತ್ತಿರದ ಸಾಲುಗಳಿಗೂ ಕೈಹಾಕುತ್ತದೆ.

ಈ ಚಾಳಿಯ ಅತ್ಯಂತ ಸ್ವಾರಸ್ಯದ ಕಥೆ ನಮ್ಮೂರಿನದೇ. ಕೆಪಿಎನ್ ಒನ್ ಎಂಬ ಇನ್ನೊಂದು ಕಿಣ್ವ ಲ್ಯಾಂಬ್ಡಾವನ್ನು ಎರಡು ಕಡೆ ಕಡಿದು ಮೂರು ತುಂಡು ಮಾಡಬೇಕು. ಆದರೆ ಮೆಗ್ನೀಷಿಯಂ ಕೊಟ್ಟರೆ ಅದು ತನ್ನ ಗುರಿಯಾದ ಜಿಜಿಟಿಎಸಿಸಿ ಅಷ್ಟೇ ಅಲ್ಲದೆ, ಅದನ್ನು ಹೋಲುವ ಸಾಲುಗಳನ್ನೂ ಕಡಿಯುತ್ತದೆ. 2004ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನ (ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ) ವಿ. ನಾಗರಾಜ ಅವರ ಲ್ಯಾಬ್ ತೋರಿಸಿದ್ದು ಇದು: ಇಂಥ ಬಹುಪಾಲು ಕಿಣ್ವಗಳನ್ನು ಕೈಕಟ್ಟಿ ಕೂರಿಸುವ ಕ್ಯಾಲ್ಸಿಯಂ, ಕೆಪಿಎನ್ ಒನ್‌ಗೆ ಕೆಲಸವನ್ನೂ ಮಾಡಿಸುತ್ತದೆ, ಶಿಸ್ತನ್ನೂ ಕಲಿಸುತ್ತದೆ. ಮೆಗ್ನೀಷಿಯಂ ಜೊತೆಗಿದ್ದಾಗಲೂ ಕ್ಯಾಲ್ಸಿಯಂ ಸೇರಿಸಿದರೆ ಅಡ್ಡಕಡಿತ ಅಡಗುತ್ತದೆ.

ಅಲ್ಲಿನ ಓಪನ್ ಡೇಗೆ ಹೋದರೆ ಜೆಲ್ ಫೋಟೊ ಕೇಳಿ ನೋಡಿ. ಮೊದಲು ಕಿಣ್ವ ಹಾಕದ ಲೇನ್ ನೋಡಿ, ಆಮೇಲೆ ಪಕ್ಕದ್ದರಲ್ಲಿ ಬ್ಯಾಂಡ್ ಎಣಿಸಿ.